ತೊಟ್ಟಿಯಲ್ಲಿ ಬೆಳೆದ ಭಾನುವಾರ

ನಮ್ಮ ಬೀದಿಯ ಸೀಟಿ ಮಾವನಿಗೆ ನೀರೆಂದರೆ ಭಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಊರಂಚಿನ ಕೆರೆಯನ್ನು ಉಳಿಸಿದ ಮಹಾನುಭಾವರೆಂದು ಅವರನ್ನು ಕರೆದವರಿದ್ದಾರೆ. ಹಾಗೆ ಕರೆದವರಲ್ಲಿ ಮೊದಲಿಗರು ಅವರೇ.

ತೊಡೆಯವರೆಗೆ ಬರುವ ಕಪ್ಪು ರಬ್ಬರ್ ಬೂಟು ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು, ಕೆರೆಯ ಕಲ್ಲುಮೆಟ್ಟಿಲ ತುದಿಯಲ್ಲಿ ನಿಂತು ಅವರು ವರ್ಷಗಟ್ಟಲೆ ನಮ್ಮನ್ನು ಆಳಿದರು. ನಾವು ಸೊಂಟದವರೆಗೆ ಕೆಸರಿನಲ್ಲಿ ನಿಂತಿರುತ್ತಿದ್ದೆವು. ಅವರ ಬೂಟು ನೆನೆದದ್ದನ್ನು ಮಾತ್ರ ನಾವ್ಯಾರೂ ಕಂಡವರಲ್ಲ. ಆದರೂ ಪ್ರತಿ ಭಾನುವಾರ ಸಂಜೆ ಮನೆಯ ಮುಂದಿನ ಜಗುಲಿಯ ಮೇಲೆ ಕುಳಿತು, ಹೋಗಿಬರುವವರೆಲ್ಲ ನೋಡುವಂತೆ, ಇಲ್ಲದ ಕೆಸರನ್ನು ಅದರಿಂದ ಒರೆಸಿ ತೆಗೆಯುತ್ತಿದ್ದರು.

ಕೆರೆಗೆ ಬರುವ ಮೊದಲು ಅವರು ದೊಡ್ಡಾಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ಹತ್ತಿ ಕೇಳಲು ಬಂದ ನರ್ಸಮ್ಮನನ್ನು ನಾಳೆ ಬಾ ಎನ್ನುವುದರಲ್ಲಿಯೇ ಅವರ ಯೌವನವೆಲ್ಲ ಕಳೆದುಹೋಯಿತು. ಕೆಲವರಿಗೆ ಕೊಡುವುದರಲ್ಲಿ ದೊಡ್ಡಸ್ತಿಕೆ. ಇವರಿಗೆ ಕೊಡದಿರುವುದರಲ್ಲಿ. ಗಾಯಕ್ಕೆ ಸುತ್ತುವ ಬಟ್ಟೆಯ ಸುರುಳಿಗಳು ಕಪಾಟಿನಲ್ಲಿ ಹಳದಿಗಟ್ಟುತ್ತಿದ್ದರೂ ಬೀಗ ತೆರೆಯುತ್ತಿರಲಿಲ್ಲವಂತೆ. ಆ ಬೀಗಗಳ ಕೀಲಿಗೊಂಚಲು ಸೊಂಟದಲ್ಲಿ ಜೋತಾಡುತ್ತಿತ್ತು. ಅದರ ಸದ್ದು ಕೇಳಿದರೆ ವಾರ್ಡಿನ ಆಯಾಗಳು ಮುಖ ತಿರುಗಿಸಿಕೊಳ್ಳುತ್ತಿದ್ದರು. ಅದನ್ನು ಗೌರವವೆಂದು ಇವರು ತಿಳಿದಿದ್ದರು. ನಿವೃತ್ತಿಯ ದಿನ ಗೊಂಚಲನ್ನು ಹಿಂದಿರುಗಿಸಿ ಮನೆಗೆ ಬಂದಾಗ, ಒಂದು ಮಗ್ಗುಲು ಹಗುರವಾಗಿ, ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದರೆಂದು ಅವರ ಹೆಂಡತಿಯೇ ಹೇಳಿದ್ದುಂಟು.

ಆಕೆ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಮ್ಮ ಬೀದಿಯ ಬಟ್ಟೆಗಳನ್ನೆಲ್ಲ ಹೊಲಿಯುತ್ತಿದ್ದವರು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತನಾಡುವ ಅಭ್ಯಾಸ. ಮಾತೂ ಸೂಜಿಯಂತೆಯೇ. ಹುಡುಗರು ಮುದುಕರೆನ್ನದೆ ಎಲ್ಲರೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆವು. ಉಗ್ರಾಣ ತಪ್ಪಿಹೋದ ಗಂಡ ಮನೆಯನ್ನೇ ಉಗ್ರಾಣ ಮಾಡಿಕೊಂಡರು. ಸಾಬೂನು ಎಷ್ಟು ಸವೆದಿದೆ, ಬೆಂಕಿಪೊಟ್ಟಣದಲ್ಲಿ ಕಡ್ಡಿ ಏಕೆ ಕಡಿಮೆಯಾಗಿವೆ ಎಂಬ ವಿಚಾರಣೆ ಬೆಳಗಿನಿಂದ ಶುರುವಾಗುತ್ತಿತ್ತು. ಬಟ್ಟೆ ಅಳತೆ ಕೊಡಲು ಬಂದ ಹೆಂಗಸರ ಎದುರಿಗೆ ಗುಂಡಿ ಡಬ್ಬಿಯನ್ನು ಸುರಿದುಕೊಂಡು ಕೂರುತ್ತಿದ್ದರು. ಕೊನೆಗೆ ಅತ್ತೆಯೇ ಎಲ್ಲಿಂದಲೋ ಸುದ್ದಿ ತಂದರು. ಊರಂಚಿನ ಕೆರೆಯ ಕಳೆ ತೆಗೆಯಲು ಜನ ಬೇಕಂತೆ, ಭಾನುವಾರಗಳಂದು, ಸಂಬಳವಿಲ್ಲದೆ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರೆ. ಮನೆಯ ಮಾರಿಯನ್ನು ಊರಿಗೆ ಉಪಕಾರ ಮಾಡಲು ಕಳುಹಿಸಿದ ಬುದ್ಧಿವಂತೆ ಆಕೆ.

ಆ ಕೆರೆಗೆ ನಗರಸಭೆಯವರು ತಂತಿಬೇಲಿ ಹಾಕಿ, ಪಕ್ಷಿಗಳ ಮೀಸಲು ತಾಣ ಎಂದು ಹಲಗೆ ನೆಟ್ಟಿದ್ದರು. ಹಲಗೆಯ ಮೇಲೆ ಬರೆದಿದ್ದ ಬಾತುಕೋಳಿಯೊಂದನ್ನು ಬಿಟ್ಟರೆ ಅಲ್ಲಿ ಬೇರೆ ಪಕ್ಷಿಯಿರಲಿಲ್ಲ. ನೀರೇ ಕಾಣದಂತೆ ಅಂತರಗಂಗೆ ಹಬ್ಬಿತ್ತು. ಉಬ್ಬಿದ ತೊಟ್ಟು, ದಪ್ಪ ಎಲೆ, ನೇರಳೆ ಬಣ್ಣದ ಹೂವು, ನೋಡಲು ಚಂದ. ಒಂದು ಗಿಡ ಬಿಟ್ಟರೆ ತಿಂಗಳೊಳಗೆ ಬುಟ್ಟಿ ತುಂಬುತ್ತದೆ. ಕೆಳಗಿನ ನೀರಿಗೆ ಬೆಳಕಿಲ್ಲದೆ ಮೀನು ಸಾಯುತ್ತವೆ. ಅದನ್ನು ಹಗ್ಗ ಸುತ್ತಿ ದಡಕ್ಕೆಳೆದು, ಕೊಕ್ಕೆ ಕಟ್ಟಿದ ಗಳುಗಳಿಂದ ಮೇಲಕ್ಕೆತ್ತಿ, ಬೇಲಿಯಾಚೆಯ ದಿಬ್ಬದ ಮೇಲೆ ಒಣಗಲು ರಾಶಿ ಹಾಕುವುದು ನಮ್ಮ ಕೆಲಸ.

ನಾವು ಎಂದರೆ ದೊಡ್ಡ ವೀರರೇನಲ್ಲ. ಹಲ್ಲಿನ ಡಾಕ್ಟರು ಬರುತ್ತಿದ್ದದ್ದು ಕೆಸರು ಮೆತ್ತಿದ ತಮ್ಮ ಮುಖದ ಫೋಟೋ ತೆಗೆಸಿಕೊಳ್ಳಲು. ಬೇಕರಿಯವನು ಹಿಂದಿನ ದಿನ ಉಳಿದ ಬನ್ನುಗಳನ್ನು ತಂದು, ಉದಾರಿ ಎಂಬ ಹೆಸರನ್ನು ಸುಲಭವಾಗಿ ಸಂಪಾದಿಸುತ್ತಿದ್ದ. ದಿನಾ ನಡೆಯಬೇಕೆಂದು ವೈದ್ಯರು ಹೇಳಿದ್ದರಿಂದ, ಶಾಲೆಯ ಮೇಷ್ಟ್ರಾದ ನಾನು ಹೋಗುತ್ತಿದ್ದೆ. ಇನ್ನುಳಿದವರು ಇಂದು ಬಂದರೆ ನಾಳೆ ಇಲ್ಲ.

ಇಂತಹ ಮಂದೆಗೆ ಸೀಟಿ ಮಾವ ತಾವಾಗಿಯೇ ದಂಡನಾಯಕರಾದರು. ಯಾರೂ ಆರಿಸಲಿಲ್ಲ. ಎರಡನೆಯ ಭಾನುವಾರ ಕೊರಳಲ್ಲಿ ಸೀಟಿ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ನಿಂತರು, ಅಷ್ಟೆ. ಒಂದು ಸಲ ಊದಿದರೆ ಹಗ್ಗ ಎಳೆಯಬೇಕು, ಎರಡು ಸಲ ಊದಿದರೆ ನಿಲ್ಲಿಸಬೇಕು, ಉದ್ದಕ್ಕೆ ಊದಿದರೆ ಚಹಾ. ಚಹಾದ ಸೀಟಿ ಊದಲು ಅವರಿಗೆ ಹಳೆಯ ಉಗ್ರಾಣದ ಸಂಕಟವೇ ಬರುತ್ತಿತ್ತು. ಕೆನ್ನೆ ಉಬ್ಬಿಸಿ, ಮತ್ತೆ ಇಳಿಸಿ, ನಮ್ಮ ಕಡೆ ನೋಡಿ, ಇನ್ನೂ ಸ್ವಲ್ಪ ಹೊತ್ತು ಎಂದು ಬಿಡುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಅಂಗಡಿಗೆ ಹೋಗುವಾಗಲೂ ಸೀಟಿ ಬಿಚ್ಚುತ್ತಿರಲಿಲ್ಲ.

ಆದರೆ ಸುಳ್ಳು ಹೇಳಬಾರದು. ಕೆರೆ ಸ್ವಚ್ಛವಾದದ್ದು ಆ ಸೀಟಿಯಿಂದಲೇ. ಭಾನುವಾರ ತಪ್ಪಿಸಿಕೊಂಡವನ ಮನೆಯ ಮುಂದೆ ಸೋಮವಾರ ಬೆಳಿಗ್ಗೆ ನಿಂತು, "ಹುಷಾರಿಲ್ವಾ? ಏನಾಗಿತ್ತು? ಭೇದಿನಾ?" ಎಂದು ಬೀದಿಗೆಲ್ಲ ಕೇಳಿಸುವಂತೆ ವಿಚಾರಿಸುತ್ತಿದ್ದರು. ಕೆರೆಯ ಮೇಲಿನ ಪ್ರೀತಿಗಿಂತ ಆ ಪ್ರಶ್ನೆಯ ಮೇಲಿನ ಭಯಕ್ಕೆ ಜನ ಬಂದರು. ಮೊದಲು ಮೆಟ್ಟಿಲ ಬಳಿ ಒಂದು ಚಾಪೆಯಷ್ಟು ನೀರು ಕಂಡಿತು. ಮರುವರ್ಷ ಅಂಗಳದಷ್ಟಾಯಿತು. ಹಾಗೆಯೇ ಬೆಳೆದು ಬೆಳೆದು ಒಂದು ದಿನ ಆಚೆಯ ಜೊಂಡಿನವರೆಗೆ ಬರೀ ನೀರೇ ಹೊಳೆಯಿತು. ಕೊನೆಯ ಗಿಡವನ್ನು ಬೇಕರಿಯವನು ಎತ್ತಿ ಹಿಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಸೀಟಿ ಮಾವ ಅದನ್ನು ರಾಶಿಗೆ ಹಾಕಲು ಬಿಡಲಿಲ್ಲ. ನೆನಪಿಗಿರಲಿ ಎಂದು ಮುಚ್ಚಳವಿರುವ ಬಣ್ಣದ ಬಕೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ಹೋದರು.

ಮುಂದಿನ ವಾರ ತಾಣದ ಅಧಿಕಾರಿಣಿ ಬಂದರು. ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತನಾಡುವವರು. ಜೊಂಡಿನಲ್ಲಿ ನೀರುಕೋಳಿಗಳು ಗೂಡು ಕಟ್ಟಲು ತೊಡಗಿವೆ, ಇನ್ನು ಮುಂದೆ ಭಾನುವಾರ ಬಂದವರು ದಡದಲ್ಲಿ ಸುಮ್ಮನೆ ಕುಳಿತು ಹಕ್ಕಿಗಳನ್ನು ಗಮನಿಸಿದರೆ ಸಾಕು ಎಂದರು. ಆಮೇಲೆ ಸೀಟಿ ಮಾವನ ಕೊರಳನ್ನು ನೋಡಿ ನಗುತ್ತ ಹೇಳಿದರು.

"ಅದೊಂದು ಬೇಡ ಮಾವ. ಹಕ್ಕಿ ಹೆದರ್ತವೆ."

ಮಾವನ ಮುಖ ನೋಡಬೇಕಿತ್ತು. ಕೀಲಿಗೊಂಚಲನ್ನು ಎರಡನೆಯ ಬಾರಿ ಕಿತ್ತುಕೊಂಡಂತಾಯಿತು. ಊರಿನಲ್ಲಿ ಅವರ ಮಾತು ನಡೆಯುವುದು ಆ ಮೆಟ್ಟಿಲ ಮೇಲೆ ಮಾತ್ರ. ಅದೂ ಮಾತಲ್ಲ, ಬರೀ ಊದು. ಅದೂ ಹೋದರೆ ಉಳಿಯುವುದು ಸಾಬೂನು ಮತ್ತು ಬೆಂಕಿಕಡ್ಡಿ. ಒಂದು ಭಾನುವಾರ ನಮ್ಮೊಡನೆ ದಡದಲ್ಲಿ ಕುಳಿತರು. ಬೇಕರಿಯವನು ನಿದ್ದೆ ಹೋದ. ಡಾಕ್ಟರು, ಕೆಸರಿಲ್ಲದ ಮೇಲೆ ಫೋಟೋ ಏಕೆಂದು, ಬರಲೇ ಇಲ್ಲ. ನೀರುಕೋಳಿಯೊಂದು ಕತ್ತು ಕುಣಿಸುತ್ತ ಎದುರಿಗೇ ಹಾದುಹೋಯಿತು. ಮಾವ ಅದನ್ನು ಸಾಲಗಾರನನ್ನು ನೋಡಿದಂತೆ ನೋಡಿದರು. ಆಮೇಲೆ ಬರುವುದನ್ನು ನಿಲ್ಲಿಸಿ ಮನೆಯಲ್ಲಿಯೇ ಉಳಿದರು. ಆ ಕೆಲವು ಭಾನುವಾರಗಳಲ್ಲಿ ಅತ್ತೆಯ ಮನೆಯಿಂದ ಯಂತ್ರದ ಸದ್ದಿಗಿಂತ ಜೋರಾಗಿ ಕೇಳಿಸುತ್ತಿದ್ದದ್ದು ದಾರದುಂಡೆಗಳನ್ನು ಬಣ್ಣದಂತೆ ಜೋಡಿಸಬೇಕೋ ದಪ್ಪದಂತೆ ಜೋಡಿಸಬೇಕೋ ಎಂಬ ಉಪನ್ಯಾಸ.

ಅಷ್ಟರಲ್ಲಿ ಪವಾಡ ನಡೆಯಿತು. ಮೆಟ್ಟಿಲಿನಿಂದ ಒಂದು ಕಲ್ಲೆಸೆತದ ದೂರದಲ್ಲಿ ಅಂತರಗಂಗೆಯ ಪುಟ್ಟ ದ್ವೀಪವೊಂದು ತೇಲುತ್ತಿತ್ತು. ಮೊದಲು ನೋಡಿದವರು ಸೀಟಿ ಮಾವ. ಬೂಟು ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿದರು. ಅವರ ಮುಖದಲ್ಲಿ ಇಷ್ಟು ಕಳೆಯನ್ನು ನಾವು ಎಂದೂ ಕಂಡಿರಲಿಲ್ಲ. ಅಧಿಕಾರಿಣಿ ಬೇರೆ ದಾರಿಯಿಲ್ಲದೆ, ಇದನ್ನು ತೆಗೆದು ಮುಗಿಸುವವರೆಗೆ ಸೀಟಿ ಊದಿಕೊಳ್ಳಿ ಎಂದರು. ತೆಗೆದು ಮುಗಿಸಿದೆವು. ಮರುವಾರ ಮತ್ತೆ ಬಂತು. ಅದೂ ಅದೇ ಜಾಗ, ಅದೇ ಕಲ್ಲೆಸೆತದ ದೂರ.

ಇಷ್ಟಕ್ಕೇ ಬಿಟ್ಟಿದ್ದರೆ ಮನುಷ್ಯ ಬಚಾವಾಗುತ್ತಿದ್ದ. ಆದರೆ ಅಧಿಕಾರ ಸಿಕ್ಕವನಿಗೆ ಶತ್ರುವೂ ಬೇಕು. ಇದು ಯಾರದೋ ಕೈವಾಡ ಎಂದು ಅವರು ಸಾರಿದರು. ಮೀನು ಮಾರುವವರ ಮೇಲೆ ಅನುಮಾನ, ಮೇಲಿನ ಬೀದಿಯ ತೋಟದವರ ಮೇಲೆ ಅನುಮಾನ. ಕೆರೆಗೆ ಕಾವಲು ಹಾಕಿದರು. ನಾನೂ ಬೇಕರಿಯವನೂ ಬೆಳಗಿನ ಜಾವವೇ ಫ್ಲಾಸ್ಕು ಹಿಡಿದು ಬೇಲಿಯ ಪಕ್ಕ ಕೂರುತ್ತಿದ್ದೆವು. ಸೂರ್ಯ ಮೂಡುತ್ತಲೇ ಮಾವ ಬಂದು, ಪಾಪ ನೀವು ಹೋಗಿ ಮಲಗಿ, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದು ನಮ್ಮನ್ನು ಕಳುಹಿಸುತ್ತಿದ್ದರು. ಕೈಯಲ್ಲಿ ಬಣ್ಣದ ಬಕೆಟ್ಟು. ಅದೇಕೆಂದು ಬೇಕರಿಯವನು ಕೇಳಿದ್ದಕ್ಕೆ, ಮಗುಚಿ ಹಾಕಿ ಕೂರುವುದಕ್ಕೆ ಎಂದರು. ನಾವು ಅವರ ಕರ್ತವ್ಯನಿಷ್ಠೆಯನ್ನು ಹೊಗಳುತ್ತ ಮನೆಗೆ ಹೋದೆವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ವಿಸ್ತರಿಸಿ ಬರೆಸಿದ್ದಕ್ಕೆ ಲೆಕ್ಕವಿಲ್ಲ. ಆ ಗಾದೆ ಬಕೆಟ್ಟು ಹಿಡಿದು ಎದುರಿಗೆ ಬಂದಾಗ ನಮಸ್ಕಾರ ಹೇಳಿ ದಾರಿ ಬಿಟ್ಟೆ.

ಕಂಡುಹಿಡಿದವರು ಡಾಕ್ಟರು. ಊರಿನವರ ಹಲ್ಲಿನ ಸಂದಿಗಳನ್ನು ನೋಡಿ ನೋಡಿ ಅವರ ಕಣ್ಣಿಗೆ ಸಣ್ಣದು ಬೇಗ ಬೀಳುತ್ತದೆ. ಅಂತರಗಂಗೆಯ ಬೇರುಗಳು ಒದ್ದೆ ಕೂದಲಿನಂತೆ ಜೋತಾಡುತ್ತವೆ. ಏನು ಸಿಕ್ಕಿದರೂ ಹಿಡಿದಿಟ್ಟುಕೊಳ್ಳುತ್ತವೆ. ಒಂದು ಭಾನುವಾರ ಗಿಡವೊಂದನ್ನು ಎತ್ತಿದ ಡಾಕ್ಟರು, ಬೇರಿನೊಳಗಿಂದ ಏನನ್ನೋ ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದರು.

"ಮೇಷ್ಟ್ರೇ, ಇದು ಯಾವ ಬಣ್ಣ?"

ಹಸಿರು ದಾರ ಎಂದೆ.

"ನನ್ನ ಕ್ಲಿನಿಕ್ಕಿನ ಏಪ್ರನ್ ಬಣ್ಣ. ಹೊಲಿಯೋಕೆ ಯಾರ ಹತ್ರ ಕೊಟ್ಟಿದೀನಿ ಹೇಳಿ?"

ಬೇಕರಿಯವನು ತನ್ನ ಕೈಯ ಗಿಡವನ್ನು ಕೊಡವಿದ. ಅದರ ಬೇರಿನಲ್ಲಿ ಶಾಲೆಯ ಸಮವಸ್ತ್ರದ ನೀಲಿ ದಾರದ ತುಣುಕುಗಳು, ನಡುವೆ ಒಂದು ಅಂಗಿಗುಂಡಿ. ಮೂವರೂ ದಡದ ಕಡೆ ನೋಡಿದೆವು. ಮೆಟ್ಟಿಲ ಮೇಲಿಂದ ಸೀಟಿ ಕೂಗಿತು. ಮಾತು ನಿಲ್ಲಿಸಿ ಹಗ್ಗ ಎಳೆಯಬೇಕಂತೆ.

ಕೆಲಸ ಮುಗಿದ ಮೇಲೆ, ಮಾವ ದಿಬ್ಬದ ರಾಶಿಯನ್ನು ತಪಾಸಣೆ ಮಾಡುತ್ತಿರುವಾಗ, ನಾವು ಮೂವರು ಅವರ ಮನೆಗೆ ಹೋದೆವು. ಹಿತ್ತಲಿಗೆ ಸುತ್ತಿ ಬಂದರೆ ಹೊಲಿಗೆ ಕೋಣೆಯ ಕಿಟಕಿ. ಕಿಟಕಿಯ ಕೆಳಗೆ ಬಟ್ಟೆ ನೆನೆಸುವ ಸಿಮೆಂಟಿನ ತೊಟ್ಟಿ. ತೊಟ್ಟಿಯ ತುಂಬ ಅಂತರಗಂಗೆ, ನೇರಳೆ ಹೂವು ಬಿಟ್ಟು ಮದುವೆ ಮನೆಯಂತೆ ಕಾಣುತ್ತಿತ್ತು. ಕಿಟಕಿಯಲ್ಲಿ ಅತ್ತೆ ಮಡಿಲಿನ ದಾರದ ಚೂರುಗಳನ್ನು ಹೊರಕ್ಕೆ ಕೊಡವಿದರು. ಎಲ್ಲವೂ ತೊಟ್ಟಿಗೇ ಬಿದ್ದವು. ನಮ್ಮನ್ನು ನೋಡಿ ಅವರು ಬೆಚ್ಚಲಿಲ್ಲ.

"ಚೆನ್ನಾಗಿ ಬಂದಿದೆ ಅಲ್ವಾ? ಅಕ್ಕಿ ತೊಳೆದ ನೀರು ನಾನೇ ಹಾಕ್ತೀನಿ," ಎಂದರು.

ನಿಮಗೆ ಗೊತ್ತಿತ್ತೇ ಎಂದು ಡಾಕ್ಟರು ಕೇಳಿದರು. ಬೆಳಗಾಗುತ್ತಲೇ ಗಂಡ ಬಕೆಟ್ಟು ತುಂಬಿಕೊಂಡು ಹೊರಟರೆ ಹಾಲು ತರಲು ಹೋದರೆಂದು ತಿಳಿಯುವಷ್ಟು ಪೆದ್ದಿ ತಾನಲ್ಲ ಎಂದರು ಅತ್ತೆ. ಹಾಗಾದರೆ ಸುಮ್ಮನಿದ್ದದ್ದೇಕೆ?

ಅತ್ತೆ ಬಾಯಿಂದ ಸೂಜಿ ತೆಗೆದರು. ಅವರು ಸೂಜಿ ತೆಗೆದು ಮಾತನಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅವರು ಒಂದಷ್ಟು ಭಾನುವಾರ ಮನೇಲಿದ್ರು ಡಾಕ್ಟ್ರೇ. ನೀವು ಬಾಯಿ ತೆರೆಸಿ ಹಲ್ಲು ಕೀಳ್ತೀರಿ. ಅವರು ಬಾಯಿ ತೆರೆದು ಪ್ರಾಣ ಕೀಳ್ತಾರೆ. ಕೆರೆಗೆ ಏನಾಗುತ್ತೋ ನಂಗೆ ಗೊತ್ತಿಲ್ಲ. ಇಷ್ಟು ದೊಡ್ಡ ಕೆರೆ ತಡ್ಕೊಳ್ಳುತ್ತೆ. ನಾನೊಬ್ಬಳು."

ಮೂವರೂ ಬೀದಿಗೆ ಬಂದೆವು. ಬರುವ ಭಾನುವಾರ ಅಧಿಕಾರಿಣಿಯ ಮುಂದೆ ಎಲ್ಲವನ್ನೂ ಹೇಳಿಬಿಡಬೇಕೆಂದು ಡಾಕ್ಟರು ಹಾರಾಡಿದರು. ಹಸಿರು ದಾರವನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡರು.

ಹೇಳುವ ಅಗತ್ಯವೇ ಬೀಳಲಿಲ್ಲ. ಅಧಿಕಾರಿಣಿ ಬರುತ್ತಾರೆಂದು ತಿಳಿದು, ಅವರ ಕಣ್ಣಿಗೆ ಕೆಲಸ ದೊಡ್ಡದಾಗಿ ಕಾಣಲೆಂದು, ಮಾವ ಆ ವಾರ ತೊಟ್ಟಿಯ ಮುಕ್ಕಾಲು ಪಾಲನ್ನು ಬಕೆಟ್ಟು ಬಕೆಟ್ಟಾಗಿ ಹೊತ್ತು ನೀರಿಗೆಸೆದಿದ್ದರು. ಶನಿವಾರ ಗಾಳಿ ತಿರುಗಿತು. ಗಾಳಿಗೆ ಸೀಟಿಯ ಹಂಗಿಲ್ಲವಲ್ಲ. ಹೂವು ಬಿಟ್ಟ ಗಿಡಗಳೆಲ್ಲ ತೇಲುತ್ತ ಹೋಗಿ ಆಚೆಯ ಜೊಂಡಿನೊಳಗೆ, ನೀರುಕೋಳಿಗಳ ಗೂಡುಗಳ ನಡುವೆ, ಅಲ್ಲಲ್ಲಿ ಸಿಕ್ಕಿಕೊಂಡು ನಿಂತವು.

ಭಾನುವಾರ ಬೆಳಿಗ್ಗೆ ಎಲ್ಲರೂ ಮೆಟ್ಟಿಲ ಬಳಿ ಸೇರಿದ್ದೆವು. ಮಾವ ಕೆನ್ನೆ ಉಬ್ಬಿಸಿ ನಿಂತಿದ್ದರು. ಅಧಿಕಾರಿಣಿ ಜೊಂಡಿನ ಕಡೆಯೇ ಬಹಳ ಹೊತ್ತು ನೋಡಿದರು. ಅಲ್ಲಿಗೆ ಹಗ್ಗ ಹಾಕುವಂತಿಲ್ಲ, ಮೊಟ್ಟೆಗಳು ಉರುಳುತ್ತವೆ. ಗುಂಪು ಇಳಿಯುವಂತಿಲ್ಲ, ಹಕ್ಕಿಗಳು ಗೂಡು ಬಿಟ್ಟು ಹಾರುತ್ತವೆ. ಒಬ್ಬರೇ ಒಬ್ಬರು ಸದ್ದಿಲ್ಲದೆ ನೀರಿಗಿಳಿದು, ಗೂಡುಗಳನ್ನು ತಪ್ಪಿಸಿ ನಡೆದು, ಗಿಡಗಳನ್ನು ಕೈಯಿಂದಲೇ ಒಂದೊಂದಾಗಿ ತೆಗೆಯಬೇಕು. ಬಾರಿ ಬಾರಿಗೆ ಬೇರೆ ಬೇರೆಯವರು ಹೋದರೆ ಹಕ್ಕಿಗಳು ಒಗ್ಗುವುದಿಲ್ಲ. ಇಳಿದವರೇ ಕೊನೆಯವರೆಗೂ ಇಳಿಯಬೇಕು. ಯಾರು ಇಳಿಯುತ್ತೀರಿ ಎಂದು ಕೇಳಿದರು.

ಡಾಕ್ಟರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಮಾವನ ಅಂಗೈ ಹಿಡಿದು, ಹಸಿರು ದಾರವನ್ನು ಅದರಲ್ಲಿಟ್ಟರು.

"ಮಾವ ಇಳೀತಾರೆ ಮೇಡಂ. ಈ ಗಿಡಗಳನ್ನ ಅವರು ಎಳೇ ಕೂಸಿನಿಂದ ಬಲ್ಲರು."

ಮಾವ ದಾರವನ್ನು ನೋಡಿದರು. ನಮ್ಮ ಮೂವರ ಮುಖ ನೋಡಿದರು. ಕೆನ್ನೆಯಲ್ಲಿದ್ದ ಗಾಳಿ ಸೀಟಿಗೆ ಹೋಗದೆ ಮೂಗಿನಿಂದ ಹೊರಟಿತು. ಅಧಿಕಾರಿಣಿ ದಡ್ಡರಲ್ಲ. ದಾರದ ಕಡೆಗೊಮ್ಮೆ, ಮಾವನ ಒಣಗಿದ ಬೂಟಿನ ಕಡೆಗೊಮ್ಮೆ ನೋಡಿ, ಕೈ ಚಾಚಿದರು.

"ಸೀಟಿ ಇಲ್ಲಿ ಕೊಡಿ ಮಾವ."

ನೀರಿಗೆ ಹೆದರುತ್ತೇನೆ ಎಂದು ಒಪ್ಪಿಕೊಂಡಿದ್ದರೆ ಅಲ್ಲಿಂದ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಷ್ಟು ವರ್ಷ ಬೂಟು ಒರೆಸಿದವರು ಹಾಗೆನ್ನುವುದು ಹೇಗೆ? ಸೀಟಿಯನ್ನು ಕೊರಳಿನಿಂದ ತೆಗೆದು ಕೊಟ್ಟರು. ದಡದ ಉದ್ದಕ್ಕೂ ಎಡಕ್ಕೆ ವಾಲಿಕೊಂಡು ಜೊಂಡಿನವರೆಗೆ ನಡೆದರು. ಅಲ್ಲಿ ಒಂದು ಕಾಲು ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕಾಲನ್ನೂ ಇಟ್ಟರು. ಕಣ್ಣು ತೆರೆದು ಕೆಳಗೆ ನೋಡಿದರು. ಆ ಕಡೆ ಕೆರೆ ಆಳವಿಲ್ಲ. ಆಯುಷ್ಯವಿಡೀ ಹೆದರಿದ್ದ ನೀರು ಅವರ ಮೊಣಕಾಲನ್ನು ಕೂಡ ದಾಟಿರಲಿಲ್ಲ. ಬೇಕರಿಯವನು ನಗು ತಡೆಯಲಾರದೆ ಬನ್ನೊಂದನ್ನು ಬಾಯಿಗೆ ತುರುಕಿಕೊಂಡ.

ಪಶ್ಚಾತ್ತಾಪಪಟ್ಟು ದೊಡ್ಡ ಮನುಷ್ಯರಾದರೆಂದು ಬರೆದರೆ ಅವರ ನೆನಪಿಗೆ ಅಪಚಾರವಾದೀತು. ಅಂಥದ್ದೇನೂ ನಡೆಯಲಿಲ್ಲ. ದಾರಿಹೋಕರು ಕೇಳಿದರೆ, ಇಂತಹ ನಾಜೂಕಿನ ಕೆಲಸಕ್ಕೆ ಇಲಾಖೆಯವರು ನನ್ನೊಬ್ಬನನ್ನೇ ನಂಬುವುದು ಎನ್ನುತ್ತಿದ್ದರು. ಆದರೆ ಪ್ರತಿ ಭಾನುವಾರವೂ ಹೋದರು. ಗೂಡಿನ ಬಳಿ ಬಂದಾಗ ಉಸಿರನ್ನೂ ಬಿಡದೆ, ಬಾಗಿದ ಬೆನ್ನಿನಲ್ಲಿ, ಗಿಡವನ್ನು ಬೇರುಸಹಿತ ಎತ್ತಿ ಬೆನ್ನಿನ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಹಕ್ಕಿಗಳು ಕೆಲವೇ ವಾರಗಳಲ್ಲಿ ಅವರನ್ನು ಲೆಕ್ಕಕ್ಕೇ ಇಡದಾದವು. ನಾವು ದಡದಲ್ಲಿ ಕುಳಿತು ನೋಡುತ್ತಿದ್ದೆವು. ಚಹಾ ಬೇಕೆನಿಸಿದಾಗ ಯಾರ ಅಪ್ಪಣೆಯನ್ನೂ ಕೇಳದೆ ಕುಡಿಯುತ್ತಿದ್ದೆವು.

ಮರಿಗಳು ದೊಡ್ಡವಾಗಿ ಹಾರಿಹೋದ ಮೇಲೆ ಅಧಿಕಾರಿಣಿ ಸೀಟಿಯನ್ನು ಹಿಂದಿರುಗಿಸಲು ಅವರ ಮನೆಗೇ ಬಂದರು. ನಾನೂ ಅಲ್ಲಿದ್ದೆ; ಅಂಗಿಯ ಕೊರಳುಪಟ್ಟಿ ಬದಲಿಸಲು ಕೊಟ್ಟಿದ್ದೆ. ಮಾವ ಜಗುಲಿಯ ಮೇಲೆ ಬೂಟು ತೊಳೆಯುತ್ತಿದ್ದರು, ಈಗ ನಿಜವಾದ ಕೆಸರನ್ನು. ಅತ್ತೆ ತೊಟ್ಟಿಯಲ್ಲಿ ಉಳಿದಿದ್ದ ಗಿಡಗಳನ್ನು ಎಂದೋ ಕಿತ್ತು ಬಿಸಿಲಿಗೆ ಹಾಕಿ ಒಣಗಿಸಿದ್ದರು.

ಗಿಡಗಳೆಲ್ಲ ಮುಗಿದಂತೆಯೇ ಎಂದರು ಅಧಿಕಾರಿಣಿ. ಆದರೆ ಹೂವು ಬಿಟ್ಟ ಗಿಡಗಳಾದ್ದರಿಂದ ಬೀಜ ಕೆಸರಿಗೆ ಬಿದ್ದುಹೋಗಿದೆ. ಆ ಬೀಜ ಇಪ್ಪತ್ತು ವರ್ಷದವರೆಗೂ ಸಾಯದೆ, ಯಾವಾಗ ಬೇಕಾದರೂ ಮೊಳೆಯಬಹುದು. ಅಲ್ಲಿಯವರೆಗೆ ಯಾರಾದರೂ ಒಬ್ಬರು ಜೊಂಡಿನಲ್ಲಿ ಹುಡುಕುತ್ತಲೇ ಇರಬೇಕಾಗುತ್ತದೆ ಎಂದು ಬೇಸರದಿಂದ ಹೇಳಿದರು.

ಮಾವ ಬೂಟಿನಿಂದ ತಲೆಯೆತ್ತಿದರು. ಅಂತರಗಂಗೆ ಮೊದಲ ಬಾರಿ ಮರಳಿ ಬಂದ ದಿನ ಅವರ ಮುಖದಲ್ಲಿದ್ದ ಕಳೆ ಮತ್ತೆ ಕಾಣಿಸಿತು. ಸೀಟಿಯನ್ನು ಇಸಿದುಕೊಂಡು, ಅದನ್ನು ನೋಡಿ, ಜಗುಲಿಯ ಗೋಡೆಯ ಮೊಳೆಗೆ ನೇತುಹಾಕಿದರು.

ಒಳಗೆ ಯಂತ್ರದ ಸದ್ದು ನಿಂತಿತು.

"ಇಪ್ಪತ್ತು ವರ್ಷವಾ?" ಎಂದು ಅತ್ತೆ ಕೇಳಿದರು. ಹೌದೆಂದು ಅಧಿಕಾರಿಣಿ ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು.

"ಸದ್ಯ. ನನ್ನ ಕಾಲ ಕಳೀತು ಬಿಡಿ," ಎಂದರು ಅತ್ತೆ. ಯಂತ್ರ ಮತ್ತೆ ಓಡತೊಡಗಿತು.